ಕಿಟಕಿಯ ಮನಿ ಪ್ಲಾಂಟ್: ಬಾಟಲಿಯ ಬಳ್ಳಿಯನ್ನು ಅರಿತು ಬೆಳೆಸುವುದು ಹೇಗೆ?

2024ರ ಮಳೆಗಾಲದಲ್ಲಿ ನಮ್ಮ ಬೀದಿಗೆ ಬಂದ ಆಶಾ ಕಾರ್ಯಕರ್ತೆ ಮನೆಯೊಳಗೆ ಕಾಲಿಟ್ಟೊಡನೆ ಕೇಳಿದ್ದು, "ಮನಿ ಪ್ಲಾಂಟ್ ಇದೆಯಾ ಅಕ್ಕಾ?" ಎಂದು. ತೊಟ್ಟಿ, ಡ್ರಮ್ಮುಗಳ ಸರದಿ ಆಮೇಲೆ ಬಂತು. ಅಡುಗೆಮನೆಯ ಕಿಟಕಿಯಲ್ಲಿದ್ದ ಗಾಜಿನ ಬಾಟಲಿಯನ್ನು ಕೈಗೆತ್ತಿಕೊಂಡು ಟಾರ್ಚ್ ಬಿಟ್ಟು ತೋರಿಸಿದರು. ನೀರಿನ ಮೇಲ್ಪದರದಲ್ಲಿ ಅಕ್ಕಿಕಾಳಿಗಿಂತ ತೆಳ್ಳಗಿನ ಮರಿಹುಳುಗಳು ತಲೆಕೆಳಗಾಗಿ ಜೋತುಬಿದ್ದಿದ್ದವು. ಬೆಳಕು ತಾಗಿದ್ದೇ ತಡ, ಮೈಯನ್ನು ನುಲಿಯುತ್ತ ಬೇರುಗಳ ಸಂದಿಗೆ ಇಳಿದು ಮರೆಯಾದವು. "ಗಿಡ ಎಸೆಯಬೇಡಿ. ನೀರು ಮಾತ್ರ ವಾರಕ್ಕೊಮ್ಮೆ ಚೆಲ್ಲಿ, ಬಾಟಲಿಯ ಒಳಗೋಡೆ ಉಜ್ಜಿ ತೊಳೆಯಿರಿ" ಎಂದು ಹೇಳಿ ಮುಂದಿನ ಮನೆಗೆ ಹೋದರು.

ಆ ವರ್ಷ ಡೆಂಗಿ ರಾಜ್ಯದಲ್ಲಿ ಎಷ್ಟು ಹಬ್ಬಿತೆಂದರೆ, ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಬೆಳೆಯಲು ಎಡೆ ಮಾಡಿಕೊಟ್ಟವರಿಗೆ ದಂಡ ವಿಧಿಸುವ ನಿಯಮವೂ ಬಂತು. ಹೆದರಿದ ಕೆಲವರು ಬಳ್ಳಿಯನ್ನೇ ಕಿತ್ತು ಕಸದ ಗಾಡಿಗೆ ಹಾಕಿದರು. ವರ್ಷಗಟ್ಟಲೆ ಮನೆಯ ಕಿಟಕಿಯನ್ನು ಹಸಿರಾಗಿಟ್ಟ ಬಳ್ಳಿಗಳು ಕಸದ ರಾಶಿಯಲ್ಲಿ ಬಿದ್ದಿದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಈ ಗಿಡ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೆ, ಆದರೆ ಇದನ್ನು ಬೆಳೆಸುವುದು ಹೇಗೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಪಕ್ಕದ ಮನೆಯವರು ಒಂದು ತುಂಡು ಮುರಿದು ಕೊಟ್ಟರು, ನಾವು ನೀರಿಗೆ ಹಾಕಿದೆವು, ಅದು ಬದುಕಿತು. ಏಕೆ ಬದುಕಿತು? ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುವುದೇಕೆ? ನೀರು ಹಾಕಿದಷ್ಟೂ ಹಳದಿಯಾಗುವುದೇಕೆ? ಬುಡದಿಂದಲೇ ನೋಡೋಣ.

ಇದು ಎಲ್ಲಿಯ ಬಳ್ಳಿ?

ಮನಿ ಪ್ಲಾಂಟ್‌ನ ಸಸ್ಯಶಾಸ್ತ್ರೀಯ ಹೆಸರು ಎಪಿಪ್ರೆಮ್ನಮ್ ಆರಿಯಮ್. ಮೊದಲ ಪದ ಗ್ರೀಕ್ ಮೂಲದ್ದು, ಮರದ ಬೊಡ್ಡೆಯ ಮೇಲಿರುವುದು ಎಂಬ ಅರ್ಥ. ಎರಡನೆಯದು ಲ್ಯಾಟಿನ್, ಬಂಗಾರದ ಬಣ್ಣದ್ದು ಎಂದು. ಎಲೆಯ ಮೇಲಿನ ಹಳದಿ ಪಟ್ಟೆಗಳಿಂದ ಆ ಹೆಸರು ಬಂತು. ತವರು ದಕ್ಷಿಣ ಪೆಸಿಫಿಕ್ ಸಾಗರದಲ್ಲಿರುವ, ಫ್ರೆಂಚ್ ಪಾಲಿನೇಷ್ಯಾಕ್ಕೆ ಸೇರಿದ ಮೊರೆಯಾ ಎಂಬ ಪುಟ್ಟ ದ್ವೀಪ. 1880ರಲ್ಲಿ ಯುರೋಪಿನವರು ಇದಕ್ಕೆ ಪೋಥಾಸ್ ಎಂಬ ಕುಲದ ಹೆಸರಿಟ್ಟರು. ಆಮೇಲೆ ಎರಡು ಬಾರಿ ಕುಲ ಬದಲಾಗಿ, 1964ರಲ್ಲಿ ಈಗಿನ ಹೆಸರು ಬಂತು. ಆದರೂ ನರ್ಸರಿಗಳಲ್ಲಿ, ಹೊರದೇಶಗಳಲ್ಲಿ ಇಂದಿಗೂ ಪೋಥಾಸ್ ಎಂದೇ ಕರೆಯುತ್ತಾರೆ.

ಇದು ಕೆಸುವಿನ ಕುಟುಂಬದ ಗಿಡ. ಪತ್ರೊಡೆಗೆ ಬಳಸುವ ಕೆಸು, ಸಾರಿಗೆ ಹಾಕುವ ಸುವರ್ಣಗೆಡ್ಡೆ, ಮಲೆನಾಡಿನ ಅಂಗಳಗಳಲ್ಲಿ ಕಾಣುವ ಆಂಥೂರಿಯಂ ಎಲ್ಲವೂ ಇದರ ದಾಯಾದಿಗಳೇ. ಈ ನಂಟು ಲೇಖನದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ತವರಿನ ಕಾಡಿನಲ್ಲಿ ಈ ಬಳ್ಳಿ ಬದುಕುವ ಬಗೆ ಹೀಗೆ: ನೆಲದ ಮೇಲೆ ಹರಿಯುತ್ತ ಹೋಗುತ್ತದೆ, ಮರ ಸಿಕ್ಕರೆ ಅದರ ತೊಗಟೆಗೆ ಬೇರು ಕಚ್ಚಿ ಮೇಲೇರುತ್ತದೆ. ದೊಡ್ಡ ಮರಗಳ ನೆರಳು, ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಕು, ಮಳೆ ಬಂದಾಗ ನೀರು, ನಡುವೆ ಒಣಗುವ ಸಡಿಲವಾದ ಎಲೆಗೊಬ್ಬರದ ನೆಲ. ಕಿಟಕಿಯಲ್ಲಿ, ಕುಂಡದಲ್ಲಿ ಇದನ್ನು ಬೆಳೆಸುವಾಗ ನಾವು ಒದಗಿಸಬೇಕಾದದ್ದೂ ಇವನ್ನೇ.

ಜೀವವಿರುವುದು ಗೆಣ್ಣಿನಲ್ಲಿ

ಮನಿ ಪ್ಲಾಂಟ್‌ನ ಒಂದು ಬಳ್ಳಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ನಾಲ್ಕೈದು ಬೆರಳಿನ ಅಂತರಕ್ಕೊಂದರಂತೆ ಕಾಂಡದ ಸುತ್ತ ಉಂಗುರದಂಥ ಗುರುತುಗಳಿವೆ. ಅದೇ ಗೆಣ್ಣು. ಕಬ್ಬಿನಲ್ಲಿ, ಬಿದಿರಿನಲ್ಲಿ, ವೀಳ್ಯದೆಲೆಯ ಬಳ್ಳಿಯಲ್ಲಿ ಕಾಣುವ ಗೆಣ್ಣೇ ಇದು. ಪ್ರತಿ ಗೆಣ್ಣಿನಲ್ಲೂ ಮೂರು ಸಂಗತಿಗಳು ಕೂಡಿರುತ್ತವೆ. ಒಂದು, ಎಲೆಯ ತೊಟ್ಟು ಕಾಂಡವನ್ನು ಅಪ್ಪಿದ ಜಾಗ. ಎರಡು, ಆ ತೊಟ್ಟಿನ ಒಳಮೂಲೆಯಲ್ಲಿ ಸಾಸಿವೆಯಷ್ಟು ಉಬ್ಬಿಕೊಂಡಿರುವ ಮೊಗ್ಗು. ಕಬ್ಬು ಬೆಳೆಯುವವರು ಇದನ್ನು ಕಣ್ಣು ಎನ್ನುತ್ತಾರೆ. ಮೂರು, ಕಂದು ಬಣ್ಣದ ಮೊಂಡಾದ ಒಂದು ಗುಬುಟು. ಇದು ಗಾಳಿಬೇರು. ಒಣಗಾಳಿಯಲ್ಲಿ ಇದು ಹಾಗೆಯೇ ಗಡುಸಾಗಿ ಕೂತಿರುತ್ತದೆ. ತೇವ ಸೋಕಿದರೆ ಅದರ ತುದಿ ಬೆಳ್ಳಗಾಗಿ, ಮೆತ್ತಗಾಗಿ, ಬೇರಾಗಿ ಇಳಿಯತೊಡಗುತ್ತದೆ.

ನಿಮ್ಮ ಬಾಟಲಿಯ ಗಿಡ ಬದುಕಿದ್ದು ಈ ಕಾರಣಕ್ಕೆ. ಕತ್ತರಿಸಿದ ತುಂಡು ಬೇರನ್ನು ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ. ಅರ್ಧ ಸಿದ್ಧವಾಗಿದ್ದ ಬೇರು ಆಗಲೇ ಗೆಣ್ಣಿನಲ್ಲಿ ಕಾದುಕೊಂಡಿತ್ತು. ಬೆಚ್ಚಗಿನ ದಿನಗಳಲ್ಲಿ ಎರಡರಿಂದ ನಾಲ್ಕು ವಾರದೊಳಗೆ ಒಳ್ಳೆಯ ಬೇರು ಬರುತ್ತದೆ.

ಬಹಳ ಮಂದಿ ಎಡವುವುದೂ ಇಲ್ಲಿಯೇ. ಚಂದದ ಎಲೆಯೊಂದನ್ನು ತೊಟ್ಟಿನ ಸಮೇತ ಕಿತ್ತು ನೀರಿಗೆ ಹಾಕುತ್ತಾರೆ. ಅದು ತಿಂಗಳುಗಟ್ಟಲೆ ಹಸಿರಾಗಿ ಇರಬಹುದು, ತೊಟ್ಟಿನ ಬುಡದಲ್ಲಿ ಒಂದೆರಡು ಬೇರು ಬಂದರೂ ಬರಬಹುದು. ಆದರೆ ಎಷ್ಟು ಕಾದರೂ ಇನ್ನೊಂದು ಎಲೆ ಮೂಡುವುದಿಲ್ಲ. ಎಲೆಯ ತೊಟ್ಟಿನಲ್ಲಿ ಕಣ್ಣಿಲ್ಲ, ಕಣ್ಣಿಲ್ಲದೆ ಹೊಸ ಚಿಗುರಿಲ್ಲ. ಗೆಣ್ಣುಗಳ ನಡುವಿನ ನುಣುಪಾದ ಕಾಂಡದ ತುಂಡಿಗೂ ಇದೇ ಗತಿ. ಕಬ್ಬು ನಾಟಿ ಮಾಡುವಾಗ ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದು ಎಣಿಸಿ ಕಡಿಯುತ್ತಾರಲ್ಲ, ಇಲ್ಲಿಯೂ ಹಾಗೆಯೇ ಎಣಿಸಬೇಕು.

ಹೀಗೆ ಮಾಡಿ: ಹರಿತವಾದ, ತೊಳೆದ ಕತ್ತರಿಯಿಂದ ಗೆಣ್ಣಿನ ಕೆಳಗೆ ಅರ್ಧ ಬೆರಳಿನಷ್ಟು ಬಿಟ್ಟು ಕತ್ತರಿಸಿ. ತುಂಡಿನಲ್ಲಿ ಎರಡು ಅಥವಾ ಮೂರು ಗೆಣ್ಣುಗಳಿರಲಿ. ಕೆಳಗಿನ ಗೆಣ್ಣಿನ ಎಲೆಯನ್ನು ತೆಗೆದುಬಿಡಿ, ಏಕೆಂದರೆ ನೀರಿನಲ್ಲಿ ಮುಳುಗಿದ ಎಲೆ ಕೊಳೆತು ನೀರನ್ನೂ ಕೆಡಿಸುತ್ತದೆ. ಗೆಣ್ಣು ಮುಳುಗಿರಬೇಕು, ಎಲೆ ಮೇಲಿರಬೇಕು. ಬೇರು ಎರಡು ಮೂರು ಅಂಗುಲ ಬೆಳೆದ ಮೇಲೆ ಬೇಕಿದ್ದರೆ ಮಣ್ಣಿಗೆ ಬದಲಿಸಬಹುದು. ನೀರಿನಲ್ಲಿ ಬೆಳೆದ ಬೇರು ಮಿದುವಾಗಿರುತ್ತದೆ, ಬೇಗ ಮುರಿಯುತ್ತದೆ. ಮಣ್ಣಿನಿಂದ ನೀರೆಳೆಯುವ ಸಣ್ಣ ರೋಮಗಳೂ ಅದರಲ್ಲಿ ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ಮೊದಲ ಹತ್ತು ಹದಿನೈದು ದಿನ ಮಣ್ಣನ್ನು ಪೂರ್ತಿ ಒಣಗಲು ಬಿಡಬಾರದು. ಈ ದಿನಗಳಲ್ಲಿ ಎಲೆ ಸ್ವಲ್ಪ ಜೋತರೆ ಗಾಬರಿ ಬೇಡ.

ಕದ್ದು ತಂದ ಮನಿ ಪ್ಲಾಂಟ್ ಮಾತ್ರ ಚೆನ್ನಾಗಿ ಹಬ್ಬುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕದ್ದ ತುಂಡು ಸಾಮಾನ್ಯವಾಗಿ ಗೋಡೆಯಾಚೆ ಇಳಿಬಿದ್ದ ಬಳ್ಳಿಯ ತುದಿ, ಎಂದರೆ ಎಳೆಯ ಗೆಣ್ಣುಗಳೂ ಬೆಳೆಯುವ ಕುಡಿಯೂ ಇರುವ ಭಾಗ. ಅದು ಬದುಕುವುದು ಸಹಜ. ಕೇಳಿ ತಂದರೂ ಅದು ಅಷ್ಟೇ ಚೆನ್ನಾಗಿ ಬೆಳೆಯುತ್ತದೆ.

ಇಳಿಬಿದ್ದರೆ ಎಲೆ ಸಣ್ಣ, ಏರಿದರೆ ದೊಡ್ಡ

ಮಲೆನಾಡು ಅಥವಾ ಕರಾವಳಿಯ ಹಿತ್ತಲುಗಳಲ್ಲಿ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮರದ ಬೊಡ್ಡೆಯನ್ನು ಪೂರ್ತಿ ಹೊದ್ದುಕೊಂಡು ಏರಿದ ದೈತ್ಯ ಬಳ್ಳಿಯೊಂದನ್ನು ನೀವು ನೋಡಿರಬಹುದು. ಊಟದ ಬಾಳೆಎಲೆಯ ತುಂಡಿನಷ್ಟು ಅಗಲದ ಎಲೆ, ಅಂಚಿನಲ್ಲಿ ಉದ್ದುದ್ದ ಸೀಳು, ಹಸಿರಿನ ಮೇಲೆ ಹಳದಿ ಚಿತ್ತಾರ. ಅದು ಬೇರೆ ಜಾತಿಯಲ್ಲ. ನಿಮ್ಮ ಕಿಟಕಿಯಲ್ಲಿರುವ ಅಂಗೈ ಅಗಲದ ಎಲೆಯ ಮನಿ ಪ್ಲಾಂಟೇ ಅದು.

ಈ ಬಳ್ಳಿಗೆ ಬಾಲ್ಯ, ಪ್ರೌಢಾವಸ್ಥೆ ಎಂಬ ಎರಡು ರೂಪಗಳಿವೆ. ನೆಲದ ಮೇಲೆ ಹರಿಯುವಾಗ, ಜೋತು ಬೀಳುವಾಗ ಅದು ಬಾಲ್ಯದಲ್ಲೇ ಉಳಿಯುತ್ತದೆ. ಆಗ ಎಲೆಯ ಉದ್ದ ಹೆಚ್ಚೆಂದರೆ 20 ಸೆಂಟಿಮೀಟರ್. ಆಸರೆ ಸಿಕ್ಕಿ ಗಾಳಿಬೇರುಗಳು ಕಚ್ಚಿಕೊಂಡು ಮೇಲೇರಿದಂತೆ ಪ್ರತಿ ಹೊಸ ಎಲೆಯೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಪೂರ್ಣವಾಗಿ ಬೆಳೆದ ಬಳ್ಳಿ 20 ಮೀಟರ್‌ವರೆಗೆ ಏರಬಲ್ಲದು, ಎಲೆ ಒಂದು ಮೀಟರ್ ಉದ್ದವಾಗಬಲ್ಲದು. ಜೋತುಬಿದ್ದ ಬಳ್ಳಿ ಮಾಡುವುದು ಇದಕ್ಕೆ ತದ್ವಿರುದ್ಧ. ಆಸರೆ ಕೈತಪ್ಪಿದೆ, ಇನ್ನೊಂದು ಮರ ಹುಡುಕಬೇಕು ಎಂಬಂತೆ ಅದು ಇರುವ ಸತ್ವವನ್ನೆಲ್ಲ ಉದ್ದಕ್ಕೆ ಹಾಕುತ್ತದೆ. ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಎಲೆ ಕಿರಿದಾಗುತ್ತದೆ. ಶೋಕೇಸಿನ ಮೇಲಿಂದ ಇಳಿಬಿಟ್ಟ ಬಳ್ಳಿ ಕೆಳಕೆಳಗೆ ಬಂದಂತೆ ಬಡಕಲಾಗುವುದು ಇದೇ ಕಾರಣಕ್ಕೆ. ಅದು ರೋಗವಲ್ಲ, ಗೊಬ್ಬರದ ಕೊರತೆಯೇ ಆಗಿರಬೇಕೆಂದೂ ಇಲ್ಲ.

ಕಾಳುಮೆಣಸು ಬೆಳೆಯುವವರಿಗೆ ಇದು ಹೊಸ ವಿಷಯವೇನಲ್ಲ. ಮೆಣಸು ಬೇರೆ ಕುಟುಂಬದ ಗಿಡ, ಆದರೆ ಸ್ವಭಾವ ಇಂಥದ್ದೇ. ಮರಕ್ಕೆ ಕಚ್ಚಿ ಏರಿದ ಬಳ್ಳಿಯಲ್ಲಿ ಫಸಲು ಕೊಡುವ ಕವಲುಗಳು ಒಡೆಯುತ್ತವೆ. ನೆಲದಲ್ಲಿ ಹರಿದಾಡುವ ಹಂಬಿನಲ್ಲಿ ಕಾಳು ಕಟ್ಟುವುದಿಲ್ಲ. ಅದಕ್ಕಾಗಿಯೇ ಎಳೆಯ ಬಳ್ಳಿಯನ್ನು ಮರಕ್ಕೆ ಒತ್ತಿ ಕಟ್ಟುತ್ತಾರೆ.

ಮನೆಯಲ್ಲಿ ದೊಡ್ಡ ಎಲೆ ಬೇಕಾದರೆ ಕುಂಡದ ನಡುವೆ ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ಬಳ್ಳಿಯ ಗೆಣ್ಣು ಕೋಲಿಗೆ ತಾಗುವಂತೆ ಮೆತ್ತಗಿನ ದಾರದಿಂದ ಕಟ್ಟಿ. ಕೋಲನ್ನು ಆಗಾಗ ನೀರು ಚಿಮುಕಿಸಿ ತೇವವಾಗಿಡಬೇಕು. ಒಣಕೋಲಿಗೆ ಬೇರು ಕಚ್ಚುವುದಿಲ್ಲ, ಬರೀ ಕಟ್ಟಿದ್ದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮನೆಯೊಳಗೆ ಮೀಟರ್ ಉದ್ದದ ಎಲೆ ಬರುವುದಿಲ್ಲ. ಆದರೆ ಒಂದು ವರ್ಷದಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುತ್ತದೆ.

ಇಳಿಬಿದ್ದ ಬಳ್ಳಿಯ ಚೆಲುವೇ ಬೇಕೆನ್ನುವವರು ಕತ್ತರಿ ಹಿಡಿಯಬೇಕು. ಬಳ್ಳಿಯ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಉತ್ಪತ್ತಿಯಾಗಿ ಬುಡದ ಕಡೆಗೆ ಹರಿಯುತ್ತದೆ. ಅದು ಇರುವವರೆಗೂ ಕೆಳಗಿನ ಕಣ್ಣುಗಳು ಮಲಗಿರುತ್ತವೆ. ತುದಿ ಕತ್ತರಿಸಿದರೆ ಆ ತಡೆ ಹೋಗಿ ಕಣ್ಣುಗಳು ಏಳುತ್ತವೆ. ತುಳಸಿಯ ಕುಡಿ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದಲ್ಲ, ಅದೇ ಇಲ್ಲಿ ನಡೆಯುವುದು. ವರ್ಷಕ್ಕೊಮ್ಮೆ, ಮಳೆಗಾಲದ ಆರಂಭದಲ್ಲಿ, ಉದ್ದ ಬಳ್ಳಿಗಳನ್ನು ಅರ್ಧಕ್ಕೆ ಕತ್ತರಿಸಿ, ಆ ತುಂಡುಗಳನ್ನೇ ಬೇರು ಬರಿಸಿ ಅದೇ ಕುಂಡದ ಖಾಲಿ ಜಾಗಗಳಲ್ಲಿ ನೆಡಿ. ಬೋಳಾದ ಬುಡ ತುಂಬಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬೆಳಕು

ಕತ್ತಲೆಯ ಮೂಲೆಯಲ್ಲೂ ಬದುಕುತ್ತದೆ ಎಂಬುದು ಈ ಗಿಡಕ್ಕೆ ಸಿಕ್ಕ ಹೆಗ್ಗಳಿಕೆ. ಬದುಕುತ್ತದೆ ನಿಜ, ಬೆಳೆಯುವುದಿಲ್ಲ. ಸರಳ ಪರೀಕ್ಷೆಯೊಂದಿದೆ: ಹಗಲಿನಲ್ಲಿ ದೀಪ ಹಾಕದೆ ಆ ಜಾಗದಲ್ಲಿ ಕುಳಿತು ಸುಲಭವಾಗಿ ದಿನಪತ್ರಿಕೆ ಓದಬಹುದಾದರೆ ಅಲ್ಲಿಯ ಬೆಳಕು ಸಾಕು. ನೇರ ಬಿಸಿಲು, ಅದರಲ್ಲೂ ಮಧ್ಯಾಹ್ನದ್ದು, ಎಲೆಯನ್ನು ಸುಟ್ಟು ಕಾಗದದಂಥ ಕಂದು ಕಲೆ ಮಾಡುತ್ತದೆ. ಬೆಳಗಿನ ಎಳೆಬಿಸಿಲು ಒಂದೆರಡು ತಾಸು ಬಿದ್ದರೆ ತೊಂದರೆಯಿಲ್ಲ.

ಹಳದಿ, ಬಿಳಿ ಪಟ್ಟೆಗಳಿರುವ ಜಾಗದಲ್ಲಿ ಪತ್ರಹರಿತ್ತು ತೀರಾ ಕಡಿಮೆ. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ವಸ್ತುವೇ ಪತ್ರಹರಿತ್ತು. ಮಂದ ಬೆಳಕಿನಲ್ಲಿಟ್ಟರೆ ಹೊಸ ಎಲೆಗಳಲ್ಲಿ ಪಟ್ಟೆ ಕಡಿಮೆಯಾಗಿ ಹಸಿರು ಹೆಚ್ಚುತ್ತದೆ. ಬಿಳಿ ಹೆಚ್ಚಿರುವ ಮಾರ್ಬಲ್ ಕ್ವೀನ್ ತಳಿ ನಿಧಾನವಾಗಿ ಬೆಳೆಯುವುದೂ ಇದೇ ಕಾರಣಕ್ಕೆ. ಅಡುಗೆಮನೆ ಚಿಕ್ಕದಾದರೆ ಊಟ ತಯಾರಾಗುವುದೂ ತಡ.

ನೀರು: ಬೇರು ಉಸಿರಾಡುತ್ತದೆ

ಮನಿ ಪ್ಲಾಂಟ್ ಸಾಯುವುದು ನೀರಿಲ್ಲದೆ ಅಲ್ಲ, ಹೆಚ್ಚಿನ ಸಲ ನೀರು ಅತಿಯಾಗಿ. ಇದನ್ನು ಹೇಳಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬಾಟಲಿಯ ನೀರಿನಲ್ಲೇ ಬದುಕುವ ಗಿಡ ಕುಂಡದಲ್ಲಿ ನೀರು ಹೆಚ್ಚಾದರೆ ಕೊಳೆಯುವುದೇಕೆ?

ಬೇರಿಗೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿರುವ ಗಾಳಿಯಿಂದ ಅದು ಉಸಿರಾಡುತ್ತದೆ. ದಿನಾ ನೀರು ಹುಯ್ದರೆ ಆ ಸಂದಿಗಳಲ್ಲೆಲ್ಲ ನೀರು ತುಂಬಿ ಗಾಳಿಗೆ ಎಡೆಯಿರುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಉಸಿರುಗಟ್ಟಿದ ಬೇರು ಸಾಯುತ್ತದೆ, ಸತ್ತ ಬೇರನ್ನು ಮಣ್ಣಿನ ಶಿಲೀಂಧ್ರಗಳು ತಿನ್ನತೊಡಗುತ್ತವೆ. ಬಾಟಲಿಯಲ್ಲಿ ಹೀಗಾಗದಿರಲು ಕಾರಣ, ಆ ಬೇರುಗಳು ಮೊದಲಿನಿಂದಲೂ ನೀರಿಗೇ ಹೊಂದಿಕೊಂಡು, ಒಳಗೆ ಗಾಳಿ ಸಾಗಿಸುವ ಟೊಳ್ಳು ದಾರಿಗಳನ್ನು ಮಾಡಿಕೊಂಡು ಬೆಳೆದಿರುತ್ತವೆ. ನಾವು ನೀರು ಬದಲಿಸಿದಾಗಲೆಲ್ಲ ಹೊಸ ಆಮ್ಲಜನಕವೂ ಸಿಗುತ್ತದೆ. ಬದಲಿಸದೆ ಬಿಟ್ಟ ಬಾಟಲಿಯಲ್ಲಿ ಬೇರು ಕಪ್ಪಾಗಿ ನಾರುವುದು ಆಮ್ಲಜನಕ ಮುಗಿದದ್ದರ ಗುರುತು.

ಕೊಳೆತ ಬೇರನ್ನು ಗುರುತಿಸುವುದು ಕಷ್ಟವಲ್ಲ. ಕುಂಡದಿಂದ ಗಿಡವನ್ನು ಮಣ್ಣಿನ ಮುದ್ದೆಯ ಸಮೇತ ಹೊರತೆಗೆದು ಒಂದು ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಬೇರು ಬೆಳ್ಳಗೆ ಅಥವಾ ತಿಳಿಕಂದು ಬಣ್ಣದಲ್ಲಿ ಗಟ್ಟಿಯಾಗಿರುತ್ತದೆ. ಕೊಳೆತದ್ದಾದರೆ ಅದರ ಕಂದು ಸಿಪ್ಪೆ ನೆನೆದ ಬಾದಾಮಿಯ ಸಿಪ್ಪೆಯಂತೆ ಜಾರಿ ಕೈಗೆ ಬಂದು, ಒಳಗಿನ ತೆಳ್ಳಗಿನ ದಾರ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಅಂಥ ಬೇರುಗಳನ್ನೆಲ್ಲ ಕತ್ತರಿಸಿ ತೆಗೆದು ಹೊಸ ಮಣ್ಣಿನಲ್ಲಿ ನೆಡಬೇಕು. ಬೇರೆಲ್ಲವೂ ಹೋಗಿದ್ದರೆ ಗಟ್ಟಿಯಾಗಿರುವ ಗೆಣ್ಣುಗಳನ್ನು ಕತ್ತರಿಸಿಕೊಂಡು ನೀರಿನಲ್ಲಿಟ್ಟು ಮೊದಲಿನಿಂದ ಶುರುಮಾಡಿ. ಒಂದು ಗೆಣ್ಣು ಉಳಿದರೂ ಬಳ್ಳಿ ಉಳಿದಂತೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ನೀರು? ದಿನದ ಲೆಕ್ಕ ಇಟ್ಟುಕೊಳ್ಳುವುದೇ ತಪ್ಪು. ಮೇ ತಿಂಗಳ ಕಲಬುರಗಿಯಲ್ಲಿ ಎರಡು ದಿನಕ್ಕೆ ಒಣಗುವ ಕುಂಡ ಜುಲೈ ತಿಂಗಳ ಮಂಗಳೂರಿನಲ್ಲಿ ಹತ್ತು ದಿನವಾದರೂ ಒದ್ದೆಯಾಗಿಯೇ ಇರುತ್ತದೆ. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಊರಿ ನೋಡಿ. ಅಲ್ಲಿಯವರೆಗೆ ಒಣಗಿದ್ದರೆ ಕೆಳಗಿನ ತೂತಿನಿಂದ ಹರಿದು ಬರುವಷ್ಟು ನೀರು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ತೇವವಿದ್ದರೆ ಇನ್ನೆರಡು ದಿನ ಕಾಯಿರಿ. ಕಡಿಮೆ ನೀರಿಗೆ ಎಲೆ ಜೋತುಬೀಳುತ್ತದೆ, ನೀರು ಕೊಟ್ಟರೆ ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಹೆಚ್ಚು ನೀರಿಗೆ ಹಲವು ಎಲೆಗಳು ಒಟ್ಟಿಗೆ ಹಳದಿಯಾಗುತ್ತವೆ. ಬುಡದ ಹಳೆಯ ಎಲೆ ಒಂದೊಂದೇ ಹಣ್ಣಾಗಿ ಉದುರುವುದು ವಯಸ್ಸಿನ ಲಕ್ಷಣವಷ್ಟೇ.

ಮಣ್ಣಿಗೆ ಕೆಮ್ಮಣ್ಣು, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರವನ್ನು ಸಮಪಾಲು ಬೆರೆಸಿ ಒಂದೆರಡು ಹಿಡಿ ದಪ್ಪ ಮರಳು ಸೇರಿಸಿದರೆ ಸಾಕು. ಕುಂಡಕ್ಕೆ ತೂತು ಇರಲೇಬೇಕು. ತೂತಿಲ್ಲದ ಅಂದದ ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಸಣ್ಣ ಕಣಗಳ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದು ಪೂರ್ತಿ ತೊಯ್ದು ತುಂಬುವವರೆಗೂ ನೀರು ಜಲ್ಲಿಗೆ ಇಳಿಯುವುದಿಲ್ಲ. ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಅಷ್ಟೇ. ಪುಟ್ಟ ಗಿಡಕ್ಕೆ ದೊಡ್ಡ ಕುಂಡವೂ ಬೇಡ. ಬೇರು ತಲುಪದ ಮಣ್ಣು ಒಣಗದೆ ಉಳಿಯುತ್ತದೆ.

ಬೆಳಗ್ಗೆ ಎದ್ದಾಗ ಎಲೆಯ ಚೂಪು ತುದಿಯಲ್ಲಿ ಮುತ್ತಿನಂಥ ಹನಿಯೊಂದು ತೂಗುತ್ತಿರುವುದನ್ನು ನೋಡಿದ್ದೀರಾ? ಅದು ಇಬ್ಬನಿಯಲ್ಲ. ರಾತ್ರಿ ಎಲೆಯಿಂದ ಆವಿಯಾಗುವುದು ನಿಂತಾಗಲೂ ಬೇರು ನೀರು ತಳ್ಳುತ್ತಲೇ ಇರುತ್ತದೆ. ಹೆಚ್ಚಾದದ್ದು ಎಲೆಯ ತುದಿಯ ಸೂಕ್ಷ್ಮ ರಂಧ್ರದಿಂದ ಹೊರಬರುತ್ತದೆ. ಕೆಸುವಿನ ಎಲೆಯಲ್ಲೂ ಹೀಗೆಯೇ ಆಗುತ್ತದೆ. ಗಿಡಕ್ಕೆ ಇದರಿಂದ ತೊಂದರೆಯಿಲ್ಲ. ಮಣ್ಣಿನಲ್ಲಿ ತೇವ ಸಾಕಷ್ಟಿದೆ, ಈ ದಿನ ನೀರು ಬೇಡ ಎಂಬುದಕ್ಕೆ ಅದೇ ಸೂಚನೆ.

ಬೋರ್‌ವೆಲ್ ನೀರು ಬಳಸುವವರ ಕುಂಡದ ಮೇಲೆ ಬಿಳಿ ಉಪ್ಪು ಕಟ್ಟಿ, ಎಲೆಯ ತುದಿ ಕಂದಾಗುವುದುಂಟು. ಎರಡು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿನಲ್ಲಿಟ್ಟು ಧಾರಾಳವಾಗಿ ನೀರು ಹರಿಸಿ ಉಪ್ಪನ್ನು ತೊಳೆಯಬೇಕು. ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು. ಹೊರದೇಶದ ಚಳಿಯಲ್ಲಿ ಈ ಬಳ್ಳಿ ಬೆಳೆಸುತ್ತಿರುವವರಿಗೆ ಒಂದು ಮಾತು: 10 ಡಿಗ್ರಿಗಿಂತ ಕೆಳಗಿನ ಚಳಿ ಇದಕ್ಕೆ ತಡೆಯುವುದಿಲ್ಲ. ರಾತ್ರಿ ಕಿಟಕಿಯ ಗಾಜಿನಿಂದ ದೂರವಿಡಿ, ಚಳಿಗಾಲ ಮುಗಿಯುವವರೆಗೆ ನೀರು ತೀರಾ ಕಡಿಮೆ ಮಾಡಿ.

ಬಾಟಲಿ ಮತ್ತು ಸೊಳ್ಳೆ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯೊಳಗೆ, ಮನೆಯ ಸುತ್ತ ನಿಂತಿರುವ ತಿಳಿನೀರನ್ನು ಹುಡುಕುತ್ತದೆ. ನೆರಳಿನಲ್ಲಿರುವ, ಅಲುಗಾಡದ ಮನಿ ಪ್ಲಾಂಟ್ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹೆಣ್ಣು ಸೊಳ್ಳೆ ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಸುಮಾರು ಎಂಟರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಎಂಬ ಸೂಚನೆಯ ಲೆಕ್ಕ ಇದು: ರೆಕ್ಕೆ ಬರುವ ಮೊದಲೇ ನೀರು ಚೆಲ್ಲಿದರೆ ಆ ತಲೆಮಾರು ಅಲ್ಲಿಗೆ ಮುಗಿಯಿತು.

ಚೆಲ್ಲಿದರಷ್ಟೇ ಸಾಲದು, ಉಜ್ಜಬೇಕು. ಈಡಿಸ್ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಬಾಟಲಿ ತೊಳೆಯುವ ಬ್ರಷ್‌ನಿಂದ ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆಯ ಆಸುಪಾಸನ್ನು ತಿಕ್ಕಿ. ಬೇರುಗಳನ್ನೂ ನಲ್ಲಿಯ ಕೆಳಗೆ ತೊಳೆಯಿರಿ. ಹಳೆಯ ನೀರನ್ನು ಚರಂಡಿಗೆ ಸುರಿಯದೆ ಒಣನೆಲಕ್ಕೆ ಚೆಲ್ಲಿದರೆ ಮರಿಹುಳುಗಳು ಉಳಿಯುವುದಿಲ್ಲ. ಬಳ್ಳಿಯ ಸುತ್ತ ಬಾಟಲಿಯ ಬಾಯಿಗೆ ಹತ್ತಿ ತುರುಕಿದರೆ ಅಥವಾ ತೆಳುಬಟ್ಟೆ ಬಿಗಿದರೆ ಸೊಳ್ಳೆ ಒಳಹೋಗುವುದೂ ತಪ್ಪುತ್ತದೆ. ಕುಂಡದ ಕೆಳಗಿನ ತಟ್ಟೆಯನ್ನು ಮರೆಯಬೇಡಿ. ಊರಿಗೆ ಹೋಗುವಾಗ ಹದಿನೈದು ದಿನ ಮನೆ ಮುಚ್ಚುವುದಿದ್ದರೆ ಬಾಟಲಿಯ ಬಳ್ಳಿಯನ್ನು ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಕುಂಡಕ್ಕೆ ಬದಲಿಸಿ ಹೋಗುವುದು ಕ್ಷೇಮ.

ಗೊಬ್ಬರ ಮತ್ತು ಕೀಟ

ಮಣ್ಣಿನಲ್ಲಿರುವ ಗಿಡಕ್ಕೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ನೀರಿನ ಬಾಟಲಿಗೆ ಮನೆಯಲ್ಲಿ ಮೀನಿನ ತೊಟ್ಟಿಯಿದ್ದರೆ ಅದರ ನೀರನ್ನೇ ಹಾಕಬಹುದು, ಅದರಲ್ಲಿ ಗಿಡಕ್ಕೆ ಬೇಕಾದ ಸಾರಜನಕವಿದೆ. ಎಲೆಯ ಸಂದಿಯಲ್ಲಿ ಹತ್ತಿಯ ಉಂಡೆಯಂತೆ ಕಾಣುವುದು ಹಿಟ್ಟುತಿಗಣೆ. ಒದ್ದೆಬಟ್ಟೆಯಿಂದ ಒರೆಸಿ ತೆಗೆದು, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಹೂವನ್ನು ಯಾರೂ ಕಂಡಿಲ್ಲವೇಕೆ?

ಇಷ್ಟು ವರ್ಷ ಬೆಳೆಸಿದರೂ ಮನಿ ಪ್ಲಾಂಟ್ ಹೂ ಬಿಟ್ಟದ್ದನ್ನು ನೀವು ನೋಡಿರಲಾರಿರಿ. ಮರವೇರಿ ದೈತ್ಯವಾದ ಬಳ್ಳಿಯೂ ಹೂ ಬಿಡುವುದು ಅತ್ಯಂತ ಅಪರೂಪ. ಕುಲದ ಹೆಸರು ಮತ್ತೆ ಮತ್ತೆ ಬದಲಾದದ್ದೂ ಇದರಿಂದಲೇ: ಹೂವು ನೋಡದೆ ಸಸ್ಯವನ್ನು ಸರಿಯಾದ ಕುಲಕ್ಕೆ ಸೇರಿಸುವುದು ಕಷ್ಟ. 1960ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಬಳ್ಳಿ ಹೂಬಿಟ್ಟಾಗಲೇ ಈ ಗೊಂದಲ ಬಿಡಿಸಲು ದಾರಿಯಾಯಿತು.

2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಾರಣವನ್ನು ತೋರಿಸಿಕೊಟ್ಟಿತು. ಹೂಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಜೀನ್‌ಗಳಲ್ಲೊಂದು ಈ ಸಸ್ಯದಲ್ಲಿ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಹೊರಗಿನಿಂದ ಜಿಬ್ಬರೆಲಿನ್ ಸಿಂಪಡಿಸಿದಾಗ ಗಿಡಗಳು ಹೂಬಿಟ್ಟವು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಕಾಯಿ ಉದ್ದವಾಗಲೆಂದು ಬಳಸುವ 'ಜಿಎ' ಇದೇ ಹಾರ್ಮೋನು. ಹೂವಿಲ್ಲ, ಬೀಜವಿಲ್ಲ, ಆದರೂ ಈ ಬಳ್ಳಿ ಒಂದು ದ್ವೀಪದಿಂದ ಹೊರಟು ಭೂಮಿಯ ಉಷ್ಣವಲಯವನ್ನೆಲ್ಲ ಸುತ್ತಿದೆ. ಗೆಣ್ಣಿನ ತುಂಡು ಕೈಯಿಂದ ಕೈಗೆ ದಾಟಿದ್ದರಿಂದಲೇ ಇದು ಸಾಧ್ಯವಾಯಿತೆಂಬುದು ನನಗೆ ಬಹಳ ಸೋಜಿಗದ ಸಂಗತಿ.

ಗಾಳಿ ಶುದ್ಧವಾಗುತ್ತದೆಯೇ?

1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮುಚ್ಚಿದ ಪೆಟ್ಟಿಗೆಗಳೊಳಗೆ ಗಿಡಗಳನ್ನಿಟ್ಟು, ಬೆಂಜೀನ್‌ನಂಥ ಅನಿಲಗಳು ಕಡಿಮೆಯಾಗುವುದನ್ನು ದಾಖಲಿಸಿತು. ಗಾಳಿ ಶುದ್ಧ ಮಾಡುವ ಗಿಡ ಎಂಬ ಮಾತು ಹರಡಿದ್ದು ಅಲ್ಲಿಂದ. ಮನೆ ಮುಚ್ಚಿದ ಪೆಟ್ಟಿಗೆಯಲ್ಲ, ಕಿಟಕಿ ಬಾಗಿಲುಗಳಿಂದ ಗಾಳಿ ಬದಲಾಗುತ್ತಲೇ ಇರುತ್ತದೆ. ಇಂಥ ಅನೇಕ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಮೂಲಿ ಗಾಳಿಯಾಟದಷ್ಟು ಪರಿಣಾಮ ಗಿಡಗಳಿಂದಲೇ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ಗಾಳಿಗಾಗಿ ಕಿಟಕಿ ತೆರೆಯಿರಿ, ಬಳ್ಳಿಯನ್ನು ಅದರ ಚೆಲುವಿಗಾಗಿ ಬೆಳೆಸಿ.

ಮಕ್ಕಳು, ಸಾಕುಪ್ರಾಣಿಗಳು ಮತ್ತು ಕತ್ತರಿಸಿ ಎಸೆದ ಬಳ್ಳಿ

ಕೆಸುವಿನ ನಂಟು ನೆನಪಿದೆಯಲ್ಲ. ಹುಣಸೆಹುಳಿ ಹಾಕದೆ ಕೆಸು ಬೇಯಿಸಿದರೆ ಗಂಟಲು ಕೆರೆಯುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿಂದ. ಮನಿ ಪ್ಲಾಂಟ್‌ನ ಎಲೆ, ಕಾಂಡ, ಬೇರುಗಳಲ್ಲೂ ಅವೇ ಸೂಜಿಗಳಿವೆ. ಇದು ಅಡುಗೆಗೆ ಬರುವ ಸೊಪ್ಪಲ್ಲ, ಹುಳಿ ಹಾಕಿದರೂ ಅಲ್ಲ. ಮಗು ಅಥವಾ ನಾಯಿ, ಬೆಕ್ಕು ಎಲೆ ಜಗಿದರೆ ಬಾಯಿ ಉರಿ, ಜೊಲ್ಲು, ತುಟಿ ನಾಲಿಗೆಯ ಊತ ಕಾಣಿಸಿಕೊಳ್ಳುತ್ತದೆ. ಬಾಯಿ ಒರೆಸಿ ತಣ್ಣೀರಿನಿಂದ ತೊಳೆಯಿರಿ. ಊತ ಹೆಚ್ಚಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಬಳ್ಳಿ ಕೈಗೆಟುಕದ ಎತ್ತರದಲ್ಲಿರಲಿ. ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ, ಅದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಬೇಡವಾದ ಬಳ್ಳಿಯನ್ನು ತೋಟದಂಚಿಗೋ ಹಳ್ಳದ ದಂಡೆಗೋ ಎಸೆಯುವವರು, ಅದರಲ್ಲೂ ಮಲೆನಾಡಿನಲ್ಲಿರುವವರು, ಒಂದು ಕ್ಷಣ ಯೋಚಿಸಬೇಕು. ಶ್ರೀಲಂಕಾ, ಹವಾಯಿ ಮೊದಲಾದ ಕಡೆ ಹೀಗೆ ತೋಟಗಳಿಂದ ಕಾಡು ಸೇರಿದ ಮನಿ ಪ್ಲಾಂಟ್ ನೆಲವನ್ನೆಲ್ಲ ಮುಚ್ಚಿ, ಮರಗಳನ್ನೇರಿ, ಅಲ್ಲಿಯ ಗಿಡಗಳಿಗೆ ಎಡೆಯಿಲ್ಲದಂತೆ ಮಾಡಿದೆ. ಬೆರಳುದ್ದದ ತುಂಡಿನಲ್ಲೂ ಒಂದು ಗೆಣ್ಣಿರುತ್ತದೆ, ಮಳೆಗಾಲದ ಒದ್ದೆನೆಲಕ್ಕೆ ಬಿದ್ದರೆ ಅದಕ್ಕೆ ಅಷ್ಟು ಸಾಕು. ಕತ್ತರಿಸಿದ್ದನ್ನು ಸಿಮೆಂಟ್ ನೆಲದ ಮೇಲೆ ಹರಡಿ, ಮುರಿದರೆ ಲಟಕ್ಕೆನ್ನುವಷ್ಟು ಬಿಸಿಲಿಗೆ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.